ಕಾಫಿಗೆ ಯಾಕಿಲ್ಲ ಪಾಲು?

ಪ್ರಶ್ನೆ: ಸರ್, ಮಗಳನ್ನು ನೋಡಲು ಹೈದರಾಬಾದಿಗೆ ಹೋದವನು ಪಟಾನ್‌ಚೆರುವಿನ ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯನ್ನೂ ನೋಡಿಕೊಂಡು ಬಂದೆ. ಎಕರೆಗಟ್ಟಲೆ ಜೋಳ, ಸಜ್ಜೆ, ತೊಗರಿ. ಕಾಫಿ, ಮೆಣಸು, ಏಲಕ್ಕಿ ಹುಡುಕಿದರೂ ಇಲ್ಲ. ಡಾಲರ್ ತರುವವರು ನಾವು, ನಮ್ಮನ್ನು ಯಾಕೆ ಮರೆತರು?
– ಸಿದ್ದಾಪುರದ ಬೆಳೆಗಾರರು

ಮರೆತದ್ದಲ್ಲ, ಬೇಕಂತಲೇ ಬಿಟ್ಟಿದ್ದು. ಇಕ್ರಿಸ್ಯಾಟ್ ಶುರುವಾಗಿದ್ದು 1972ರಲ್ಲಿ. ಅದರ ಹಿಂದಿನ ವರ್ಷವಷ್ಟೇ ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಆಹಾರ, ಅಭಿವೃದ್ಧಿ ಸಂಸ್ಥೆಗಳು ಸೇರಿ ಸಿಜಿಐಎಆರ್ ಅನ್ನೋ ಕೃಷಿ ಸಂಶೋಧನಾ ಕೇಂದ್ರಗಳ ಒಕ್ಕೂಟ ಕಟ್ಟಿದ್ದವು. ಫಿಲಿಪ್ಪೀನ್ಸ್‌ನ ಭತ್ತದ ಕೇಂದ್ರ, ಮೆಕ್ಸಿಕೋದ ಗೋಧಿ-ಮೆಕ್ಕೆಜೋಳದ ಕೇಂದ್ರ, ನೈಜೀರಿಯಾ ಮತ್ತು ಕೊಲಂಬಿಯಾದ ಒಂದೊಂದು ಕೇಂದ್ರ, ಈ ನಾಲ್ಕು ಅದಕ್ಕೂ ಮೊದಲೇ ಇದ್ದವು. ಆಗ ಎಲ್ಲರ ತಲೆಯಲ್ಲಿದ್ದ ಚಿಂತೆ ಒಂದೇ, ಬಡವರ ಊಟ. ಹಾಗಾಗಿ ಬಡವರು ದಿನಾ ತಿನ್ನುವ ಕಾಳು, ಬೇಳೆ, ಗೆಡ್ಡೆಗೆ ಮೊದಲ ಪಾಲು. ಕಾಫಿಗೆ ಮಾರುಕಟ್ಟೆ ಇದೆ, ಮಂಡಳಿ ಇದೆ, ನಿಮ್ಮ ಖರ್ಚು ನೀವೇ ನೋಡಿಕೊಳ್ಳಿ ಅಂದರು. ನೋಡಿಕೊಂಡೂ ಇದ್ದೇವೆ ಅನ್ನಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರದ್ದು, ನಮ್ಮ ಕೊಡಗಿನ ಚೆಟ್ಟಳ್ಳಿ ಉಪಕೇಂದ್ರ 1946ರದ್ದು, ಏಲಕ್ಕಿಗೆ ಅಪ್ಪಂಗಳದ ಕೇಂದ್ರ ಇದೆ. ಬೇಜಾರಾಗುತ್ತೆ ನಿಜ, ಆದರೆ ಆ ತೀರ್ಮಾನ ತಪ್ಪು ಅಂತ ನನಗೆ ಅನ್ನಿಸೋದಿಲ್ಲ.

ಪ್ರಶ್ನೆ: ಇಷ್ಟು ಬೆಳೆ, ಇಷ್ಟು ದೇಶ. ಯಾವುದಕ್ಕೆ ಎಷ್ಟು ದುಡ್ಡು ಅಂತ ಹೇಗೆ ಹಂಚುತ್ತಾರೆ? ಜೋರು ಬಾಯಿ ಇದ್ದವರಿಗೆ ಜಾಸ್ತಿ, ಅಲ್ವಾ?
– ಪೊನ್ನಂಪೇಟೆಯ ಕಾಲೇಜು ವಿದ್ಯಾರ್ಥಿನಿ

ಬಾಯಿಗೂ ಪಾಲು ಇದೆಯಮ್ಮ, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಲೆಕ್ಕವೂ ಇದೆ. ಮೊದಲು ಆ ಬೆಳೆಯ ಒಟ್ಟು ಫಸಲಿನ ಬೆಲೆ ನೋಡುತ್ತಾರೆ. ಭತ್ತದ ಫಸಲು ಮರಗೆಣಸಿನ ಐದು ಪಟ್ಟು ಬೆಲೆಬಾಳುತ್ತೆ ಅಂತಿಟ್ಟುಕೊಳ್ಳಿ, ಭತ್ತಕ್ಕೆ ಐದು ರೂಪಾಯಿ, ಮರಗೆಣಸಿಗೆ ಒಂದು. ಅಲ್ಲಿಗೇ ನಿಲ್ಲಿಸಿದರೆ ದೊಡ್ಡ ಬೆಳೆಗೇ ಎಲ್ಲಾ ಹೋಗುತ್ತೆ. ಅದಕ್ಕೇ ಆಮೇಲೆ ಅಂಕಿ ತಿದ್ದುತ್ತಾರೆ. ಇದನ್ನು ತಿನ್ನುವವರು ಯಾರು, ಸಂಶೋಧನೆ ಕೈಗೂಡುತ್ತಾ, ಬೇರೆ ಯಾರಾದರೂ ಈ ಕೆಲಸ ಮಾಡ್ತಾ ಇದ್ದಾರಾ, ಫಲ ಒಂದೇ ದೇಶಕ್ಕಾ ಹತ್ತು ದೇಶಕ್ಕಾ. ನನ್ನ ಪ್ರಕಾರ ಮೂರನೇ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ.

ಮರಗೆಣಸಿನದ್ದೇ ತಗೊಳ್ಳಿ. 1970ರ ದಶಕದಲ್ಲಿ ದಕ್ಷಿಣ ಅಮೆರಿಕದ ಒಂದು ಹಿಟ್ಟು ತಿಗಣೆ ಆಫ್ರಿಕಾಕ್ಕೆ ಹೊಕ್ಕು ಬೆಳೆಯನ್ನೆಲ್ಲ ಸುರುಟಿಸಿ ಹಾಕಿತು. ಬಡವರ ಬೆಳೆ, ಔಷಧಿ ಹೊಡೆಯಲು ಕೈಯಲ್ಲಿ ಕಾಸಿಲ್ಲ. ಆ ತಿಗಣೆಯ ವೈರಿಯನ್ನು ಹುಡುಕಿಕೊಂಡು ಹೊರಟವರಿಗೆ 1981ರಲ್ಲಿ ಪರಾಗ್ವೆಯಲ್ಲಿ ಒಂದು ಚಿಕ್ಕ ಕಣಜ ಸಿಕ್ಕಿತು. ನೈಜೀರಿಯಾದ ಕೇಂದ್ರ ಅದನ್ನು ಸಾಕಿ ದೇಶದೇಶಗಳಲ್ಲಿ ಬಿಟ್ಟಿತು. ಮುಂದಾಳು ಹಾನ್ಸ್ ಹೆರೆನ್ ಅವರಿಗೆ 1995ರಲ್ಲಿ ವಿಶ್ವ ಆಹಾರ ಪ್ರಶಸ್ತಿಯೂ ಬಂತು. ಈ ಕೆಲಸ ಯಾವ ಕಂಪನಿ ಮಾಡ್ತಿತ್ತು ಹೇಳಿ? ಒಮ್ಮೆ ಬಿಟ್ಟ ಕಣಜ ತಾನೇ ಹಾರಿ ಪಕ್ಕದವನ ಹೊಲಕ್ಕೂ ಹೋಗುತ್ತೆ, ಬಿಲ್ ಯಾರಿಗೆ ಕೊಡೋದು? ನಮ್ಮ ಕಾಫಿಯ ಕಾಯಿ ಕೊರಕಕ್ಕೆ ಮೆಕ್ಸಿಕೋದಿಂದ ಕಣಜ ತಂದು ಬಿಟ್ಟಿದ್ದೂ ಇದೇ ಜಾತಿಯ ಕೆಲಸ.

ಇನ್ನು ಬಾಯಿಯ ವಿಷಯ. ಹಿಂದೆ ದೇಶಗಳು ದುಡ್ಡು ಕೊಟ್ಟು, ಎಲ್ಲಿ ಬೇಕೋ ಅಲ್ಲಿ ಹಾಕಿ ಅಂತಿದ್ದವು. ಬರಬರುತ್ತಾ ಇದಕ್ಕೇ ಹಾಕಬೇಕು ಅನ್ನೋ ಷರತ್ತಿನ ದುಡ್ಡು ಜಾಸ್ತಿಯಾಯಿತು. ಐನ್‌ಮನೆ, ಅಂದರೆ ಇಡೀ ಕುಲದ ಹಿರಿಮನೆಯ ರಿಪೇರಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ನಮ್ಮ ಪರಿಚಯದ ಒಂದು ಒಕ್ಕದಲ್ಲಿ (ಕುಲದಲ್ಲಿ) ಹೀಗೇ ಆಯಿತು. ಬೆಂಗಳೂರಿನ ತಮ್ಮ ಗೇಟಿಗೆ ಮಾತ್ರ ಕೊಡ್ತೀನಿ ಅಂದರು, ದುಬೈಯವರು ಅಂಗಳಕ್ಕೆ ಟೈಲ್ಸ್ ಹಾಕಿಸಿದರು, ಫೋಟೋದಲ್ಲಿ ಚೆನ್ನಾಗಿ ಬರುತ್ತಲ್ಲ. ಮಾಡಿನ ಹೆಂಚು ಬದಲಿಸಲು ಒಬ್ಬರೂ ಕೈ ಎತ್ತಲಿಲ್ಲ. ಜುಲೈ ಮಳೆಗೆ ಒಳಗೆಲ್ಲ ಬಕೆಟ್. ಸಂಶೋಧನೆಯಲ್ಲಿ ಹೆಂಚು ಅಂದರೆ ಬೀಜದ ಭಂಡಾರ, ವರ್ಷವರ್ಷ ತಳಿ ಬೆರೆಸಿ ನೋಡುವ ಬೋರು ಕೆಲಸ. ಹೊಸ ತಳಿಗೆ ಹತ್ತು-ಹನ್ನೆರಡು ವರ್ಷ ಬೇಕು, ಯೋಜನೆಯ ದುಡ್ಡು ಮೂರೋ ಐದೋ ವರ್ಷಕ್ಕೆ ಮುಗಿಯುತ್ತೆ.

ಪ್ರಶ್ನೆ: ಅದೆಲ್ಲ ಸರಿ, ನಮ್ಮ ಗದ್ದೆಗೆ ಇದರಿಂದ ಬಂದಿದ್ದೇನು?
– ಬಲಮುರಿಯ ರೈತರು

ಗಡಿ ದಾಟಿ ಬಂದ ತಳಿ ನಿಮಗೇನೂ ಹೊಸದಲ್ಲ. ನಮ್ಮಲ್ಲಿ ಇಷ್ಟು ವರ್ಷ ಬೆಳೆದ ಇಂಟಾನ್ ಇಂಡೋನೇಷ್ಯಾದ್ದು. ಪ್ರವಾಹದ ಊರಿನವರು ನೀವು, ಇನ್ನೊಂದು ಹೇಳ್ತೀನಿ. ಎರಡು ವಾರ ನೀರಿನಡಿ ಇದ್ದರೂ ಸಾಯದ ಗುಣ ಒಡಿಶಾದ ಒಂದು ಹಳೇ ನಾಟಿ ಭತ್ತದಲ್ಲಿತ್ತು. ಫಿಲಿಪ್ಪೀನ್ಸ್‌ನ ಕೇಂದ್ರ ಅದನ್ನು ಸ್ವರ್ಣಾ ತಳಿಗೆ ಸೇರಿಸಿತು, 2009ರಲ್ಲಿ ಸ್ವರ್ಣಾ ಸಬ್-1 ಅಂತ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಹಾಗಂತ ಓದಿದ ತಕ್ಷಣ ಬೀಜ ತರಿಸಬೇಡಿ. ನಮ್ಮ ಚಳಿಗೆ, ಬೆಂಕಿ ರೋಗಕ್ಕೆ ಹೊಂದುತ್ತಾ ಅಂತ ಪೊನ್ನಂಪೇಟೆಯ ಕೃಷಿ ಸಂಶೋಧನಾ ಕೇಂದ್ರದಲ್ಲೋ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ. ಗದ್ದೆ ಮೇಲೆ ಮರಳು ಕೂತರೆ ಮಾತ್ರ ಯಾವ ತಳಿಯೂ ಏಳೋದಿಲ್ಲ.

ಪ್ರಶ್ನೆ: ಕೊಡಗಿನ ಸಂಶೋಧನೆಗೆ ನಿಮ್ಮ ಕೈಗೆ ನೂರು ರೂಪಾಯಿ ಕೊಟ್ಟರೆ?
– ಸೋಮವಾರಪೇಟೆಯ ಶಿಕ್ಷಕರು

ಐವತ್ತು ಬಿಳಿ ಕಾಂಡ ಕೊರಕಕ್ಕೆ, ಯೋಚನೆಯೇ ಬೇಡ. ಅರೆಬಿಕಾ ಗಿಡದ ತೊಗಟೆ ಉಬ್ಬಿ ಬಳೆ ಇಟ್ಟ ಹಾಗೆ ಕಾಣುತ್ತೆ, ಎಲೆ ಹಳದಿಯಾಗುತ್ತೆ, ಬುಡ ಕಡಿದು ಸೀಳಿದರೆ ಒಳಗೆ ಬೆಳ್ಳಗಿನ ಹುಳ, ಅದರ ಹಿಂದೆ ಗಟ್ಟಿಯಾಗಿ ತುಂಬಿದ ಹುಡಿ. ಇವತ್ತಿಗೂ ನಮ್ಮ ಮದ್ದು ತೊಗಟೆ ಉಜ್ಜೋದು, ಸುಣ್ಣ ಬಳಿಯೋದು, ಗಿಡ ಕಿತ್ತು ಸುಡೋದು. ಉಜ್ಜಲು ಆಳು ಎಲ್ಲಿದ್ದಾರೆ? ಮೂವತ್ತು ಮೆಣಸಿನ ಸೊರಗು ರೋಗಕ್ಕೆ. ಉಳಿದ ಇಪ್ಪತ್ತು, ಶಿಫಾರಸು ಮಾಡಿದ ಮದ್ದಿಗೆ ಎಷ್ಟು ಆಳು ಬೇಕು ಅಂತ ತೋಟದಲ್ಲೇ ನಿಂತು ಲೆಕ್ಕ ಹಾಕುವವರಿಗೆ.

ಆನೆಗೆ ಒಂದು ಪೈಸೆಯನ್ನೂ ಇಟ್ಟಿಲ್ಲ, ಬೈಬೇಡಿ. ಅದು ಅರಣ್ಯ ಇಲಾಖೆಯ ಬಾಬ್ತು.