ಓದುಗರ ಪ್ರಶ್ನೆ: ಬೆಕ್ಕಿನ ಮರಿಗಳಿಗೆ ಹಾಲು ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಬೆಕ್ಕು ಮೂರು ಮರಿ ಹಾಕಿ ನಾಲ್ಕು ವಾರ ತುಂಬಿದೆ. ತಟ್ಟೆಯಲ್ಲಿಟ್ಟ ಆಹಾರವನ್ನು ಮರಿಗಳು ಮೂಸಿ ನೋಡಿ ಮತ್ತೆ ತಾಯಿಯ ಬಳಿಗೇ ಹೋಗುತ್ತವೆ. ತಾಯಿಯಾದರೋ ಈಚೆಗೆ ಅವುಗಳಿಂದ ತಪ್ಪಿಸಿಕೊಂಡು ಎತ್ತರದ ಜಾಗದಲ್ಲಿ ಹೋಗಿ ಮಲಗುತ್ತಿದೆ. ತಾಯಿಯನ್ನು ಬೇರೆ ಕೋಣೆಯಲ್ಲಿ ಕೂಡಿಹಾಕಿದರೆ ಮರಿಗಳು ಹಸಿವಿನಿಂದಲಾದರೂ ತಿನ್ನಲು ಕಲಿಯುತ್ತವೆಯೇ?

ಉತ್ತರ: ದಯವಿಟ್ಟು ಕೂಡಿಹಾಕಬೇಡಿ. ಹಾಲು ಒಮ್ಮೆಲೇ ನಿಂತರೆ ಮರಿಗಳು ಸೊರಗುತ್ತವೆ, ತಾಯಿಯ ಮೊಲೆಗಳಲ್ಲಿ ಹಾಲು ಕಟ್ಟಿ ಬಾವು ಬರುವ ಅಪಾಯವೂ ಇದೆ. ಹಾಲು ಬಿಡಿಸುವ ಕೆಲಸವನ್ನು ನಿಮ್ಮ ಬೆಕ್ಕು ಆಗಲೇ ಶುರುಮಾಡಿದೆ. ಮೂರನೆಯ ವಾರದ ಹೊತ್ತಿಗೆ ಮರಿಗಳ ಮುಂದಿನ ಪುಟ್ಟ ಹಲ್ಲುಗಳೂ ಅದರ ಬೆನ್ನಿಗೇ ಕೋರೆಹಲ್ಲುಗಳೂ ಮೂಡುತ್ತವೆ. ಅವು ಚುಚ್ಚತೊಡಗಿದಾಗ ತಾಯಿ ಎದ್ದುಹೋಗುವುದು ಸಹಜ. ಇದನ್ನು ಮಮತೆಯ ಕೊರತೆ ಎಂದು ತಿಳಿದು ತಾಯಿಯನ್ನು ಹಿಡಿದು ತಂದು ಮರಿಗಳ ನಡುವೆ ಮಲಗಿಸುವವರೂ ಇದ್ದಾರೆ, ಅದೂ ಬೇಡ.

ನಾಲ್ಕನೆಯ ವಾರದಲ್ಲಿ ಮರಿ ತಟ್ಟೆಯನ್ನು ಮೂಸಿ ಬಿಡುವುದರಲ್ಲಿ ಆತಂಕಪಡುವಂಥದ್ದೇನೂ ಇಲ್ಲ. ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಮೆತ್ತನೆಯ ಆಹಾರಕ್ಕೆ ಉಗುರುಬೆಚ್ಚಗಿನ ನೀರನ್ನೋ ಮರಿಗಳ ಹಾಲಿನ ಪುಡಿಯಿಂದ ಕಲಸಿದ ಹಾಲನ್ನೋ ಬೆರೆಸಿ, ತೆಳು ಗಂಜಿಯ ಹದಕ್ಕೆ ಕದಡಿ, ಅಂಚಿಲ್ಲದಷ್ಟು ಚಪ್ಪಟೆಯಾದ ತಟ್ಟೆಯಲ್ಲಿಡಿ. ಬೆರಳ ತುದಿಗೆ ಸ್ವಲ್ಪ ಹಚ್ಚಿಕೊಂಡು ಮರಿಯ ತುಟಿಗೆ ಸವರಿದರೆ ಅದು ನೆಕ್ಕುತ್ತದೆ. ಆಗ ಬೆರಳನ್ನು ನಿಧಾನವಾಗಿ ತಟ್ಟೆಯತ್ತ ಇಳಿಸಿ. ತಲೆ ಹಿಡಿದು ಮೂತಿಯನ್ನು ಆಹಾರದಲ್ಲಿ ಅದ್ದಬಾರದು, ಮೂಗಿಗೆ ಹೋದದ್ದು ಶ್ವಾಸಕೋಶಕ್ಕೂ ಇಳಿದೀತು. ಮೊದಲ ಕೆಲವು ದಿನ ಮರಿಗಳು ತಿನ್ನುವುದಕ್ಕಿಂತ ತಟ್ಟೆಯೊಳಗೆ ನಡೆದಾಡುವುದೇ ಹೆಚ್ಚು. ಆಮೇಲೆ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಕಾಲು, ಎದೆ, ಗಲ್ಲ ಒರೆಸಿ ಪೂರ್ತಿ ಒಣಗಿಸಿ, ಏಕೆಂದರೆ ಒದ್ದೆ ಕೂದಲಿನ ಮರಿ ಬೇಗ ಶೀತಕ್ಕೆ ಸಿಕ್ಕುತ್ತದೆ.

ದಿನಕ್ಕೆ ನಾಲ್ಕು ಬಾರಿ ಹೀಗೆ ಇಟ್ಟು, ಉಳಿದದ್ದನ್ನು ಹಳಸುವ ಮುನ್ನ ತೆಗೆಯಿರಿ. ತಾಯಿಗೂ ಅದೇ ಆಹಾರವನ್ನು ಮರಿಗಳ ಎದುರೇ ಕೊಡಿ. ತಾಯಿ ತಿನ್ನುವುದನ್ನು ನೋಡಿ ಮರಿಗಳು ಕಲಿಯುವಷ್ಟು ಬೇಗ ನಮ್ಮ ಬೆರಳಿನಿಂದ ಕಲಿಯುವುದಿಲ್ಲ, ಹಾಲೂಡುವ ತಾಯಿಗೂ ಆ ಪುಷ್ಟಿ ಬೇಕು. ವಾರ ಕಳೆದಂತೆ ನೀರು ಕಡಿಮೆ ಮಾಡುತ್ತ ಬಂದರೆ ಆರನೆಯ ವಾರಕ್ಕೆ ಗಟ್ಟಿ ಆಹಾರ ಒಗ್ಗುತ್ತದೆ, ಎಂಟನೆಯ ವಾರದ ಹೊತ್ತಿಗೆ ಹಾಲಿನ ಅಗತ್ಯ ತೀರುತ್ತದೆ. ಕುಡಿಯುವ ನೀರು ಈಗಿನಿಂದಲೇ ಆಳವಿಲ್ಲದ ಬಟ್ಟಲಿನಲ್ಲಿರಲಿ.

ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ವಾರಕ್ಕೆ ಹೆಚ್ಚುಕಡಿಮೆ ಅಷ್ಟೇ ತೂಕ ಕೂಡಿಸಿಕೊಳ್ಳುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಹಾಲು ಬಿಡಿಸುವ ವೇಗವನ್ನು ಪಂಚಾಂಗಕ್ಕಿಂತ ಆ ಅಂಕಿಗಳೇ ನಿರ್ಧರಿಸಲಿ. ತೂಕ ಇಳಿದ ಅಥವಾ ಏರದೆ ನಿಂತ ಮರಿಯನ್ನು ಪಶುವೈದ್ಯರಿಗೆ ತೋರಿಸಿ. ಜಂತುಹುಳು ತಾಯಿಯ ಹಾಲಿನಿಂದಲೇ ಮರಿಗೆ ಬರಬಹುದಾದ್ದರಿಂದ ಅದರ ಔಷಧವನ್ನೂ ಆಗಲೇ ಕೇಳಿಕೊಳ್ಳಿ.

ಪ್ರಶ್ನೆ: ತಾಯಿಯಿಲ್ಲದ, ಈಗಷ್ಟೇ ಕಣ್ಣು ಬಿಟ್ಟ ಎರಡು ಮರಿಗಳಿಗೆ ಹಸುವಿನ ಹಾಲನ್ನು ಸಿರಿಂಜಿನಿಂದ ಕುಡಿಸುತ್ತಿದ್ದೇನೆ. ಭೇದಿಯಾಗುತ್ತಿದೆ, ಕೆಲವೊಮ್ಮೆ ಹಾಲು ಮೂಗಿನಿಂದ ಬರುತ್ತದೆ. ಏನು ಮಾಡಲಿ?

ಉತ್ತರ: ಭೇದಿಯಾಗುವ ಎಳೆಯ ಮರಿ ಕೆಲವೇ ಗಂಟೆಗಳಲ್ಲಿ ನಿತ್ರಾಣವಾಗಬಹುದಾದ್ದರಿಂದ ಇಂದೇ ಪಶುವೈದ್ಯರನ್ನು ಕಾಣಿ. ಹಸುವಿನ ಹಾಲಿನಲ್ಲಿರುವ ಪ್ರೋಟೀನು ಬೆಕ್ಕಿನ ಹಾಲಿನಲ್ಲಿರುವುದರ ಅರ್ಧದಷ್ಟೂ ಇಲ್ಲ. ಹೊಟ್ಟೆ ತುಂಬುವಷ್ಟು ಕುಡಿಸಲು ಹೋದರೆ ಅದರ ಸಕ್ಕರೆಯ ಅಂಶ ಜೀರ್ಣವಾಗದೆ ಭೇದಿಗೆ ದಾರಿಯಾಗುತ್ತದೆ. ಬೆಕ್ಕಿನ ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು ಡಬ್ಬಿಯ ಮೇಲಿನ ಅಳತೆಯಂತೆ ಕಲಸಿ, ಮುಂಗೈ ಮೇಲೆ ಹನಿಸಿದಾಗ ಬೆಚ್ಚಗೆನಿಸುವಂತೆ ಕಾಯಿಸಿ ಕೊಡಿ.

ಹಾಲು ಮೂಗಿಗೆ ಬರುವುದಕ್ಕೆ ಮರಿಯನ್ನು ಕೂಸಿನಂತೆ ಅಂಗಾತ ಹಿಡಿಯುವುದು, ಸಿರಿಂಜನ್ನು ರಭಸದಿಂದ ಒತ್ತುವುದು ಸಾಮಾನ್ಯ ಕಾರಣಗಳು. ಮರಿ ಹೊಟ್ಟೆಯ ಮೇಲೆಯೇ ಮಲಗಿರಲಿ, ತಲೆ ತುಸು ಮೇಲಿರಲಿ, ಅದು ತಾನಾಗಿ ಚೀಪಿ ನುಂಗಿದಷ್ಟೇ ಹನಿ ಬೀಳಲಿ. ಈ ವಯಸ್ಸಿನಲ್ಲಿ ರಾತ್ರಿಯೂ ಸೇರಿದಂತೆ ಮೂರು ನಾಲ್ಕು ಗಂಟೆಗೊಮ್ಮೆ ಉಣಿಸಬೇಕು. ಆದರೆ ಮೈ ತಣ್ಣಗಾಗಿರುವ ಮರಿಗೆ ಎಷ್ಟೇ ಹಸಿವಿದ್ದರೂ ಹಾಲು ಕೊಡಬೇಡಿ. ತಣ್ಣಗಿರುವ ಕರುಳು ಹಾಲನ್ನು ಜೀರ್ಣಿಸಲಾರದು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿಟ್ಟು ನಿಧಾನವಾಗಿ ಬೆಚ್ಚಗಾದ ಮೇಲೆಯೇ ಉಣಿಸಿ. ಪ್ರತಿ ಬಾರಿ ಹಾಲಾದ ನಂತರ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗವನ್ನು ಮೃದುವಾಗಿ ಸವರಿ. ತಾಯಿಯ ನಾಲಗೆ ಮಾಡುವ ಈ ಕೆಲಸವಿಲ್ಲದೆ ಸುಮಾರು ಮೂರು ವಾರದವರೆಗೆ ಮರಿಗಳು ತಾವಾಗಿ ಮಲಮೂತ್ರ ವಿಸರ್ಜಿಸಲಾರವು.

ಪ್ರಶ್ನೆ: ಹಾಲು ಬಿಡಿಸಿದ ಮೇಲೆ ಮರಿಯನ್ನು ಪೂರ್ತಿ ಸಸ್ಯಾಹಾರದಲ್ಲಿ ಬೆಳೆಸಬಹುದೇ?

ಉತ್ತರ: ಮನೆಯ ಸಸ್ಯಾಹಾರದಲ್ಲಿ ಬೆಳೆಸಲಾಗದು. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಅಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಮಾಂಸದಿಂದಲೇ ದೊರೆಯಬೇಕು. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ದುರ್ಬಲವಾಗುತ್ತದೆ. ಹೃದಯಕ್ಕಿರುವ ಈ ನಂಟನ್ನು ಅಮೆರಿಕದ ಪಶುವೈದ್ಯ ಸಂಶೋಧಕರು 1987ರಲ್ಲಿ ಪ್ರಕಟಿಸಿದ ನಂತರ ತಯಾರಕರು ಬೆಕ್ಕಿನ ಆಹಾರದಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಿದರು. ಮನೆಯಲ್ಲಿ ಮಾಂಸ ಬೇಯಿಸುವುದು ನಿಮಗೆ ಒಗ್ಗದಿದ್ದರೆ, ಬೆಳೆಯುವ ಮರಿಗಳಿಗೆ ಸಂಪೂರ್ಣ ಆಹಾರವೆಂದು ಚೀಟಿಯ ಮೇಲೆ ನಮೂದಿಸಿರುವ ಸಿದ್ಧ ಆಹಾರವನ್ನು ಕೊಡಬಹುದು.