ಶಾರ್ಟ್ ಶಿಫ್ಟರ್ ತರುವ ಮೊದಲು ಹಳೇ ಲಿವರ್ ಎತ್ತಿ ನೋಡಿ

ನೀವು ಕೇಳಿರುವುದು ಇಷ್ಟು, ಅಲ್ವಾ: ಎರಡನೇ ತಲೆಮಾರಿನ ಮಾಜ್ದಾ ಎಂಎಕ್ಸ್-5, ಐದು ಗೇರಿನದು. ಗೇರ್ ಲಿವರ್ ಸಡಿಲ ಅನ್ನಿಸುತ್ತದೆ, ಅದರ ಓಡಾಟವೂ (ಗೇರ್ ಹಾಕಲು ಲಿವರ್ ಸರಿಯಬೇಕಾದ ದೂರ) ಜಾಸ್ತಿ. ಬೇರೆ ಕಂಪನಿಯವರು ಮಾಡುವ ಶಾರ್ಟ್ ಶಿಫ್ಟರ್, ಅಂದರೆ ಓಡಾಟ ಕಡಿಮೆ ಮಾಡುವ ಬದಲಿ ಲಿವರ್, ತಂದು ನೀವೇ ಹಾಕಿಕೊಳ್ಳಬಹುದಾ, ಹಾಕಿದರೆ ಗೇರ್‌ಬಾಕ್ಸಿಗೆ ಪೆಟ್ಟು ಬೀಳುತ್ತದಾ?

ಖಂಡಿತ ಹಾಕಿಕೊಳ್ಳಬಹುದು. ನನ್ನದೂ ಇದೇ ಕಾರು, ನಾನೇ ಹಾಕಿದ್ದು. ಲಿಫ್ಟ್ ಬೇಡ, ಕಾರಿನ ಕೆಳಗೆ ನುಗ್ಗುವುದೂ ಬೇಡ, ಕೆಲಸವೆಲ್ಲ ಸೀಟಿನ ಪಕ್ಕದಿಂದಲೇ ಆಗುತ್ತದೆ. ಮೊದಲ ಸಲವಾದರೆ ಅರ್ಧ ದಿನ ಬಿಡುವು ಇಟ್ಟುಕೊಳ್ಳಿ. ಆದರೆ ಕಿಟ್‌ಗೆ ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿ. ಓಡಾಟ ಜಾಸ್ತಿ ಅನ್ನುವುದು ಒಂದು ದೂರು, ಸಡಿಲ ಅನ್ನುವುದು ಇನ್ನೊಂದು. ಶಾರ್ಟ್ ಶಿಫ್ಟರ್ ಮೊದಲನೆಯದಕ್ಕೆ ಮಾತ್ರ ಮದ್ದು.

ಈ ಕಾರಿನಲ್ಲಿ ಲಿವರ್ ನೇರವಾಗಿ ಗೇರ್‌ಬಾಕ್ಸಿನ ಮೇಲೆಯೇ ಕೂತಿರುತ್ತದೆ. ನಡುವೆ ಕೇಬಲ್ ಇಲ್ಲ, ಉದ್ದುದ್ದ ರಾಡುಗಳೂ ಇಲ್ಲ. ಲಿವರಿನ ಕೆಳತುದಿ ಒಂದು ಸಣ್ಣ ಗೂಡಿನೊಳಗೆ ಇಳಿದಿರುತ್ತದೆ, ಆ ತುದಿಗೆ ಟೊಪ್ಪಿಗೆ ಹಾಕಿದ ಹಾಗೆ ಬೆರಳ ತುದಿಯಷ್ಟು ಒಂದು ಪ್ಲಾಸ್ಟಿಕ್ ಬುಶ್ (ಸಡಿಲವಾಗದಂತೆ ಹಿಡಿಯುವ ತೋಳು). ಆ ಗೂಡಿಗೆ ಅಂತಲೇ ಬೇರೆ ಆಯಿಲ್ ಇರುತ್ತದೆ, ಸುಮಾರು 90 ಎಂಎಲ್. ಗೇರ್‌ಬಾಕ್ಸ್ ಆಯಿಲ್ ಬದಲಿಸಿದರೂ ಇದು ಬದಲಾಗುವುದಿಲ್ಲ, ಹಾಗಾಗಿ ಎಷ್ಟೋ ಕಾರುಗಳಲ್ಲಿ ಇದನ್ನು ಫ್ಯಾಕ್ಟರಿ ಬಿಟ್ಟ ಮೇಲೆ ಯಾರೂ ಮುಟ್ಟಿಯೇ ಇರುವುದಿಲ್ಲ. ಮೇಲೆ ಎರಡು ರಬ್ಬರ್ ಬೂಟ್‌ಗಳಿರುತ್ತವೆ (ಲಿವರ್ ಸುತ್ತ ಮುಚ್ಚುವ ಹೊದಿಕೆಗಳು), ಕೆಳಗೊಂದು ಚಿಕ್ಕದು, ಅದರ ಮೇಲೆ ದೊಡ್ಡದು. ಅವು ಹರಿದರೆ ಕೆಳಗಿನ ಬಿಸಿ, ಸದ್ದು, ಆಯಿಲ್ ವಾಸನೆ ಎಲ್ಲ ಕ್ಯಾಬಿನ್ ಒಳಗೆ.

ನನ್ನ ಕಾರಿನ ಲಿವರ್ ನ್ಯೂಟ್ರಲ್‌ನಲ್ಲಿ ಮಕ್ಕಳ ಹಾಲುಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಎತ್ತಿ ನೋಡಿದರೆ ಗೂಡಿನ ತಳದಲ್ಲಿ ಕರಿ ಕೆಸರಿನಂಥ ಒಂದು ಚಮಚ ಆಯಿಲ್. ಬುಶ್ ಸೀಳಿಹೋಗಿತ್ತು. ಕೆಳಗಿನ ಬೂಟ್ ಸುತ್ತಲೂ ಹರಿದು ಲಿವರಿಗೆ ಬಳೆಯ ಹಾಗೆ ನೇತಾಡುತ್ತಿತ್ತು. ಹೊಸ ಬುಶ್, ಎರಡು ಬೂಟ್, ಹೊಸ ಆಯಿಲ್ ಹಾಕಿ ಹಳೇ ಲಿವರನ್ನೇ ಕೂರಿಸಿ ಎರಡು ವಾರ ಓಡಿಸಿದೆ. ಗೇರ್‌ಗಳು ಎಲ್ಲಿವೆ ಅಂತ ಕೈಗೆ ಸ್ಪಷ್ಟವಾಗಿ ಗೊತ್ತಾಗತೊಡಗಿತು, ಎರಡರಿಂದ ಮೂರಕ್ಕೆ ಹೋಗುವಾಗ ಹುಡುಕುವುದು ನಿಂತಿತು. ನಿಮಗೂ ನಾನು ಹೇಳುವುದು ಇದನ್ನೇ, ಮೊದಲು ಇಷ್ಟು ಮಾಡಿ. ಬಹಳ ಜನರಿಗೆ ಇಲ್ಲಿಗೇ ಸಾಕಾಗುತ್ತದೆ. ಏಕೆಂದರೆ ಈ ಕಾರಿನ ಲಿವರ್ ಓಡಾಟ ಬೇರೆ ಕಾರುಗಳಿಗೆ ಹೋಲಿಸಿದರೆ ಮೊದಲಿನಿಂದಲೂ ಕಡಿಮೆಯೇ.

ಅದಾದ ಮೇಲೂ ಇನ್ನೂ ಚಿಕ್ಕದಾಗಬೇಕು ಅನ್ನಿಸಿದರೆ ಶಾರ್ಟ್ ಶಿಫ್ಟರ್. ನನಗೆ ಅನ್ನಿಸಿತು, ಹಾಕಿದೆ.

ಇದು ಕೆಲಸ ಮಾಡುವುದು ಬರೀ ಸನ್ನೆಕೋಲಿನ ಲೆಕ್ಕದಲ್ಲಿ. ಸುಲಭಕ್ಕೆ ಹೀಗೆ ಇಟ್ಟುಕೊಳ್ಳಿ: ಲಿವರ್ ತಿರುಗುವ ಗುಂಡಿನಿಂದ (ಲಿವರ್ ಮೇಲಿನ ಉಂಡೆಯಂಥ ಭಾಗ) ಮೇಲೆ ಕೈ ಹಿಡಿಯುವ ನಾಬ್‌ವರೆಗೆ 250 ಮಿಲಿಮೀಟರ್, ಕೆಳಗೆ ತುದಿವರೆಗೆ 50. ಅಂದರೆ ಒಂದಕ್ಕೆ ಐದು. ಗೇರ್ ಬೀಳಲು ಕೆಳತುದಿ 10 ಮಿಲಿಮೀಟರ್ ಸರಿಯಬೇಕಾದರೆ ನಿಮ್ಮ ಕೈ 50 ಸರಿಯಬೇಕು. ಈಗ ಕೆಳಗಿನ ಭಾಗವನ್ನು 65 ಮಾಡಿ, ಮೇಲಿನದು ಹಾಗೇ ಇರಲಿ. ಕೈ ಸುಮಾರು 38 ಸರಿದರೆ ಸಾಕು. ಓಡಾಟ ಹತ್ತಿರಹತ್ತಿರ ಕಾಲು ಭಾಗ ಕಡಿಮೆಯಾಯಿತು, ಆದರೆ ಅದೇ ಕೆಲಸಕ್ಕೆ ಕೈ ಹಾಕಬೇಕಾದ ಬಲ ಶೇಕಡಾ 30ರಷ್ಟು ಜಾಸ್ತಿಯಾಯಿತು. ಇದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ, ಯಾವ ಕಿಟ್ ತಂದರೂ ಅಷ್ಟೇ. ಕೆಲವರು ಕೆಳಗೆ ಏನೂ ಮಾಡದೆ ಮೇಲಿನ ರಾಡನ್ನೇ ಕತ್ತರಿಸಿ ನಾಬ್ ಕೂರಲು ಹೊಸದಾಗಿ ಚೂಡಿ (ಸ್ಕ್ರೂವಿನ ಸುತ್ತುಗೆರೆ) ಹಾಕಿಸಿಕೊಳ್ಳುತ್ತಾರೆ. ಅದೂ ಓಡಾಟ ಕಡಿಮೆ ಮಾಡುತ್ತದೆ, ಆದರೆ ನಾಬ್ ಕೈಗಿಂತ ಕೆಳಗೆ ಹೋಗುತ್ತದೆ, ಕತ್ತರಿಸಿದ್ದನ್ನು ಮತ್ತೆ ಉದ್ದ ಮಾಡಲೂ ಆಗುವುದಿಲ್ಲ. ನನಗೆ ಅದು ಇಷ್ಟವಿಲ್ಲ.

ಗೇರ್‌ಬಾಕ್ಸ್ ಹಾಳಾಗುತ್ತದಾ ಅಂದಿರಲ್ಲ, ಅದಕ್ಕೆ ಉತ್ತರವೂ ಈ ಲೆಕ್ಕದಲ್ಲೇ ಇದೆ. ಗೇರ್ ಬೀಳುವ ಮೊದಲು ಸಿಂಕ್ರೊ ರಿಂಗ್ ಉಜ್ಜಿ ಉಜ್ಜಿ ಎರಡೂ ಕಡೆಯ ವೇಗ ಸಮ ಮಾಡುತ್ತದೆ, ಅಲ್ಲಿಯತನಕ ಹಲ್ಲುಗಳನ್ನು ಒಳಗೆ ಬಿಡುವುದಿಲ್ಲ. ಇದಕ್ಕೆ ಒಂದು ಕ್ಷಣ ಬೇಕು. ಆ ಕ್ಷಣ ಎಷ್ಟು ಅನ್ನುವುದು ಫೋರ್ಕ್ (ಲಿವರಿನ ತಳ್ಳುವಿಕೆಯನ್ನು ಗೇರಿಗೆ ಮುಟ್ಟಿಸುವ ಕವಲು) ಮೇಲೆ ಬೀಳುವ ಬಲಕ್ಕೆ ಸೇರಿದ್ದು. ಶಾರ್ಟ್ ಶಿಫ್ಟರ್ ಹಾಕಿದ ಮೇಲೆ ಕೈ ಅಷ್ಟೇ ಒತ್ತಿದರೆ ಫೋರ್ಕ್‌ಗೆ ತಲುಪುವ ಬಲ ಕಡಿಮೆ, ಹಾಗಾಗಿ ಸಿಂಕ್ರೊ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಕೈಗೆ ಅದು ತಡೆದ ಹಾಗೆ ಅನ್ನಿಸುತ್ತದೆ. ಆಗ ಜನ ಮಾಡುವುದು ಏನು, ಇನ್ನೂ ಜೋರಾಗಿ, ಇನ್ನೂ ಬೇಗ ನೂಕುತ್ತಾರೆ. ರಿಂಗ್ ಸವೆಯುವುದು ಅಲ್ಲಿ. ಶಾರ್ಟ್ ಶಿಫ್ಟರ್ ತಾನಾಗಿ ಏನೂ ಹಾಳು ಮಾಡುವುದಿಲ್ಲ, ನೂಕುವ ಅಭ್ಯಾಸ ಹಾಳು ಮಾಡುತ್ತದೆ. ನಿಮ್ಮ ಕಾರಿನಲ್ಲಿ ಈಗಾಗಲೇ ಎರಡನೇ ಗೇರ್ ಕರ್ ಅನ್ನುತ್ತಿದ್ದರೆ ದಯವಿಟ್ಟು ಈಗ ಹಾಕಬೇಡಿ, ಮೊದಲು ಅದನ್ನು ಸರಿಮಾಡಿಸಿ. ಕ್ಲಚ್ ಪೂರ್ತಿ ಬಿಡುತ್ತಿದೆಯಾ ಅಂತಲೂ ನೋಡಿ, ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಸೋರುತ್ತಿದ್ದರೂ ಇದೇ ತೊಂದರೆ ಕಾಣುತ್ತದೆ.

ಈಗ ಕೆಲಸಕ್ಕೆ ಬರೋಣ. ಕಾರು ಪೂರ್ತಿ ತಣ್ಣಗಾಗಿರಲಿ, ಸಮ ನೆಲದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಕೊಡಿ, ಗೇರ್ ನ್ಯೂಟ್ರಲ್‌ಗೆ ತನ್ನಿ. ನಾಬ್ ತಿರುಗಿಸಿ ಬಿಚ್ಚಿ, ಕನ್ಸೋಲ್ (ಎರಡು ಸೀಟಿನ ನಡುವಿನ ಪ್ಲಾಸ್ಟಿಕ್ ಹೊದಿಕೆ) ಸ್ಕ್ರೂಗಳನ್ನು ತೆಗೆದು ಅದನ್ನು ಎತ್ತಿಡಿ. ದೊಡ್ಡ ಬೂಟ್‌ಗೆ ನಾಲ್ಕು ಬೋಲ್ಟ್, ಅದರ ಕೆಳಗೆ ಲಿವರನ್ನು ಹಿಡಿದಿರುವ ತಟ್ಟೆಗೆ ಮೂರು. ಆ ಮೂರನ್ನು ಬಿಚ್ಚುವ ಮೊದಲೇ ಸುತ್ತಲಿನ ಧೂಳನ್ನು ವ್ಯಾಕ್ಯೂಮ್ ಹಿಡಿದು ಎಳೆದುಬಿಡಿ, ಬಟ್ಟೆಯಿಂದ ಒರೆಸಿ. ಇಡೀ ಕೆಲಸದಲ್ಲಿ ನಾನು ಒತ್ತಿ ಹೇಳುವುದು ಇದೊಂದನ್ನೇ. ಲಿವರ್ ಎತ್ತಿದ ಕೂಡಲೇ ಕೆಳಗೆ ತೆರೆದ ಬಾಯಿ ಇರುತ್ತದೆ, ಒಂದು ಮರಳು ಹರಳು ಬಿದ್ದರೂ ಅದು ನೇರ ಒಳಗೆ. ಲಿವರ್ ಹೊರಗೆ ಬಂದ ತಕ್ಷಣ ನೂಲು ಬಿಡದ ಶುದ್ಧ ಬಟ್ಟೆ ತುರುಕಿ, ಆಮೇಲೆ ಬೇರೆ ಮಾತು.

ಲಿವರ್ ಮೇಲೆ ಬಂದಾಗ ಅದರ ಕೆಳತುದಿ ನೋಡಿ. ಬುಶ್ ಅದರಲ್ಲೇ ಇದೆಯಾ? ಮೊದಲ ಸಲ ಎತ್ತಿದಾಗ ನನ್ನದರಲ್ಲಿ ಅರ್ಧ ಮಾತ್ರ ಬಂದಿತ್ತು, ಉಳಿದ ಅರ್ಧ ಗೂಡಿನ ತಳದಲ್ಲೇ ಕೂತಿತ್ತು, ಕರಿ ಆಯಿಲ್‌ನಲ್ಲಿ ಕಾಣುತ್ತಿರಲಿಲ್ಲ. ನನಗೆ ತಿಳಿಯದೆ ಹೊಸ ಬುಶ್ ಹಾಕಿ ಲಿವರ್ ಇಳಿಸಿದೆ. ಕೊನೆಯ ಮೂರ್ನಾಲ್ಕು ಮಿಲಿಮೀಟರ್ ಇಳಿಯಲೇ ಇಲ್ಲ. ಬೋಲ್ಟ್ ಬಿಗಿ ಮಾಡಿದರೆ ತಾನಾಗಿ ಕೂರುತ್ತದೆ ಅಂತ ಒಂದು ಕ್ಷಣ ಅನ್ನಿಸಿತು. ಹಾಗೆ ಮಾಡಿದ್ದರೆ ತಟ್ಟೆ ಬಾಗುತ್ತಿತ್ತು, ಇಲ್ಲ ಅಂದರೆ ಚೂಡಿ ಹೋಗುತ್ತಿತ್ತು. ಮತ್ತೆ ಎತ್ತಿ, ಸಿರಿಂಜ್‌ಗೆ ಸಣ್ಣ ಪೈಪ್ ಸಿಕ್ಕಿಸಿ ಆಯಿಲ್ ಪೂರ್ತಿ ಎಳೆದು, ಟಾರ್ಚ್ ಬಿಟ್ಟು ನೋಡಿದಾಗ ಉಗುರಿನಷ್ಟು ಬಿಳಿ ಚೂರು ಕಂಡಿತು. ಮೂತಿ ಚೂಪಾದ ಇಕ್ಕಳದಿಂದ ತೆಗೆದೆ. ನೀವು ಮೊದಲೇ ಆಯಿಲ್ ಎಳೆದುಬಿಡಿ, ಹಳೇ ಬುಶ್ ಚೂರುಗಳನ್ನು ಜೋಡಿಸಿ ಪೂರ್ತಿ ಒಂದು ಬುಶ್ ಆಗುತ್ತದಾ ಅಂತ ನೋಡಿಕೊಂಡು ಮುಂದೆ ಹೋಗಿ.

ಆಮೇಲೆ ಹೊಸ ಆಯಿಲ್, ಕಾರಿನ ಮ್ಯಾನುಯಲ್ ಹೇಳುವ ಗ್ರೇಡಿನದು, ಗೂಡಿನಲ್ಲಿ ಎಷ್ಟಿರಬೇಕೋ ಅಷ್ಟೇ. ಲಿವರ್ ತಿರುಗುವ ಆ ಗುಂಡಿನ ಮೇಲೆ ತೆಳ್ಳಗೆ ಗ್ರೀಸ್ ಸವರಿ, ಹೊಸ ಬುಶ್ ತುದಿಗೆ ಒತ್ತಿ, ಲಿವರನ್ನು ನೇರವಾಗಿ ಇಳಿಸಿ. ಸರಿಯಾಗಿದ್ದರೆ ಕೈಯ ಒತ್ತಡಕ್ಕೇ ಕೂರುತ್ತದೆ. ಮೂರು ಬೋಲ್ಟ್‌ಗಳನ್ನು ಸ್ವಲ್ಪಸ್ವಲ್ಪವಾಗಿ ಒಂದಾದ ಮೇಲೆ ಒಂದು ಬಿಗಿ ಮಾಡಿ. ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಇದ್ದರೆ ಮ್ಯಾನುಯಲ್‌ನ ಅಂಕಿಯಂತೆ ಮಾಡಿ. ಅಲ್ಯೂಮಿನಿಯಂ ಚೂಡಿ ಅದು, ಜೋರು ತೋರಿಸುವ ಜಾಗ ಅಲ್ಲ.

ಕನ್ಸೋಲ್ ಮುಚ್ಚುವ ಆತುರ ಬೇಡ. ಎಂಜಿನ್ ಆಫ್ ಇದ್ದಾಗಲೇ ಕ್ಲಚ್ ಒತ್ತಿ ಐದೂ ಗೇರ್, ರಿವರ್ಸ್ ಎಲ್ಲ ಹಾಕಿ ನೋಡಿ. ಸ್ಟಾರ್ಟ್ ಮಾಡಿ ನಿಂತಲ್ಲೇ ಇನ್ನೊಂದು ಸಲ. ಒಂದು, ಮೂರು, ಐದರಲ್ಲಿ ಲಿವರ್ ಪೂರ್ತಿ ಮುಂದೆ ಹೋಗುತ್ತಿದೆಯಾ, ಬೂಟ್ ಎಲ್ಲಾದರೂ ಹಿಂದಕ್ಕೆ ಎಳೆಯುತ್ತಿದೆಯಾ ನೋಡಿ. ಹೊಸ ರಬ್ಬರ್ ಗಟ್ಟಿ ಇರುತ್ತದೆ, ಅದು ಎಳೆದರೆ ಗೇರ್ ಅರ್ಧ ಮಾತ್ರ ಬಿದ್ದು ಓಡುವಾಗ ಜಾರಿ ನ್ಯೂಟ್ರಲ್‌ಗೆ ಬಂದುಬಿಡಬಹುದು. ಕನ್ಸೋಲ್ ಹಾಕಿದ ಮೇಲೆ ಇದೇ ಪರೀಕ್ಷೆ ಇನ್ನೊಮ್ಮೆ, ಅಂಚು ತಾಗಬಾರದು.

ಹಾಕಿದ ಮೇಲೆ ಏನು ಬದಲಾಗುತ್ತದೆ ಅಂತ ಮೊದಲೇ ತಿಳಿದಿರಲಿ. ಹಳೇ ಲಿವರಿನ ನಡುವೆ ಅದುರು ತಡೆಯಲು ರಬ್ಬರ್ ಇರುತ್ತದೆ. ಒಂದೇ ಕಬ್ಬಿಣದ ತುಂಡಿನಲ್ಲಿ ಮಾಡಿದ ಶಿಫ್ಟರ್‌ನಲ್ಲಿ ಅದಿರುವುದಿಲ್ಲ, ಹಾಗಾಗಿ ಗೇರ್‌ಬಾಕ್ಸಿನ ಸದ್ದು, ನಡುಕ ನೇರ ಅಂಗೈಗೆ. ನನ್ನದರಲ್ಲಿ ಒಂದು ವೇಗದಲ್ಲಿ ನಾಬ್ ಜುಂ ಅನ್ನುತ್ತದೆ, ನನಗೆ ತೊಂದರೆಯಿಲ್ಲ, ದಿನಾ ದೂರ ಓಡಿಸುವವರಿಗೆ ಬೇಸರವಾಗಬಹುದು. ರಬ್ಬರ್ ಇರುವ ಎರಡು ಭಾಗದ ಶಿಫ್ಟರ್ ಸಿಕ್ಕಿದರೆ ಅದನ್ನೇ ಆರಿಸಿ. ಭಾರದ ನಾಬ್ ಹಾಕಿದರೆ ನಡುಕವೂ ಸ್ವಲ್ಪ ಇಳಿಯುತ್ತದೆ, ಗೇರ್ ಬೀಳುವುದೂ ಮೃದುವಾಗುತ್ತದೆ. ಬೆಳಿಗ್ಗೆ ಆಯಿಲ್ ತಣ್ಣಗಿರುವಾಗ ಎರಡನೇ ಗೇರ್ ಬಿಗಿಯಾಗಿರುತ್ತದೆ. ಮೊದಲ ಐದತ್ತು ನಿಮಿಷ ನಾನು ಲಿವರನ್ನು ಎರಡರ ಬಾಯಿಗೆ ತಂದು ಮೆಲ್ಲಗೆ ಒತ್ತಿ ಹಿಡಿಯುತ್ತೇನೆ, ಅದು ತಾನೇ ಒಳಗೆ ಹೋಗುತ್ತದೆ.

ಒಂದು ವಿಷಯಕ್ಕೆ ಮಾತ್ರ ನಿಜವಾಗಿ ಹೆದರಬೇಕು. ಅಕ್ಕಪಕ್ಕದ ಓಡಾಟವನ್ನೂ ಕಡಿಮೆ ಮಾಡುವ ಶಿಫ್ಟರ್‌ಗಳಲ್ಲಿ ಗೇರ್‌ಗಳ ಸಾಲು ಹತ್ತಿರ ಹತ್ತಿರ ಬರುತ್ತದೆ. ಕೈ ಹೊಂದಿಕೊಳ್ಳುವ ಮೊದಲೇ ಜೋರಾಗಿ ಓಡಿಸಿದರೆ ಮೂರರಿಂದ ನಾಲ್ಕಕ್ಕೆ ಎಳೆಯುವ ಬದಲು ಎರಡಕ್ಕೆ ಬೀಳಬಹುದು. ಈ ಗೇರ್‌ಬಾಕ್ಸಿನಲ್ಲಿ ಮೂರನೆಯದರ ಅನುಪಾತ 1.330, ಎರಡನೆಯದು 1.888. ಮೂರರಲ್ಲಿ 6,000 ಆರ್‌ಪಿಎಂ ಇದ್ದಾಗ ತಪ್ಪಿ ಎರಡಕ್ಕೆ ಬಿದ್ದು ಕ್ಲಚ್ ಬಿಟ್ಟರೆ ಎಂಜಿನ್ 8,500 ದಾಟುತ್ತದೆ, ಅದು ತಾಳುವ ಮಿತಿಗಿಂತ ಬಹಳ ಮೇಲೆ. ಪೆಟ್ರೋಲ್ ನಿಲ್ಲಿಸುವ ಲಿಮಿಟರ್ ಇಲ್ಲಿ ಕಾಪಾಡುವುದಿಲ್ಲ, ಏಕೆಂದರೆ ಎಂಜಿನನ್ನು ತಿರುಗಿಸುತ್ತಿರುವುದು ಚಕ್ರ. ಮೊದಲ ಕೆಲವು ದಿನ ಸುಮ್ನೆ ನಿಧಾನಕ್ಕೆ ಓಡಿಸಿ, ಮೂರರಿಂದ ನಾಲ್ಕಕ್ಕೆ ಹೋಗುವಾಗ ಲಿವರನ್ನು ಪಕ್ಕಕ್ಕೆ ದಬ್ಬದೆ, ಬೆರಳು ಸಡಿಲ ಬಿಟ್ಟು ನೇರ ಹಿಂದಕ್ಕೆ ಎಳೆಯಿರಿ. ನಡುವಿನ ಸಾಲಿಗೆ ಸ್ಪ್ರಿಂಗ್ ತಾನೇ ತಂದು ನಿಲ್ಲಿಸುತ್ತದೆ.

ಇದನ್ನು ಓದುತ್ತಿರುವ ಬೇರೆ ಕಾರಿನವರಿಗೆ: ಕೇಬಲ್‌ನಿಂದ ಗೇರ್ ಬದಲಾಗುವ ಕಾರಾದರೆ ಈ ಗೂಡು, ಆಯಿಲ್ ಯಾವುದೂ ಇರುವುದಿಲ್ಲ, ಅಲ್ಲಿ ಸವೆಯುವುದು ಕೇಬಲ್ ತುದಿಯ ಬುಶ್‌ಗಳು, ಮೊದಲು ಅವನ್ನು ನೋಡಿ.

ಕಿಟ್ ತರಿಸುವಾಗ ಬುಶ್ ಮತ್ತು ಎರಡೂ ಬೂಟ್ ಅದರ ಜೊತೆಗೆ ಬರುತ್ತವಾ ಕೇಳಿ, ಬರದಿದ್ದರೆ ಬೇರೆಯಾಗಿ ತರಿಸಿ, ಕೆಳಗಿನ ಚಿಕ್ಕ ಬೂಟ್ ಅಂತೂ ಹರಿದೇ ಇರುತ್ತದೆ ಅಂದುಕೊಳ್ಳಿ. ಒಂದು ವಾರ ಓಡಿಸಿದ ಮೇಲೆ ಕನ್ಸೋಲ್ ಇನ್ನೊಮ್ಮೆ ಎತ್ತಿ ಮೂರು ಬೋಲ್ಟ್ ಬಿಗಿ ಇವೆಯಾ, ಸುತ್ತ ಆಯಿಲ್ ಜಿನುಗಿದೆಯಾ ನೋಡಿ. ಹಳೇ ಲಿವರನ್ನು ಎಸೆಯಬೇಡಿ, ಆಯಿಲ್ ಒರೆಸಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ.