ಹೃದ್ರೋಗಿಗಳ ಹತಾಶೆಯನ್ನು ಅಳೆಯಲು ಆಗುತ್ತದಾ?

ಪ್ರಶ್ನೆ: ಕುಂಬಳೆಯಲ್ಲಿರುವ ನಮ್ಮ ತಂದೆಗೆ ಮಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿದೆವು. ರಿಪೋರ್ಟ್ ಸರಿಯಿದೆ. ಆದರೂ "ಇನ್ನು ನನ್ನಿಂದ ಏನಾಗ್ತದೆ" ಅಂತ ಕೂತುಬಿಡುತ್ತಾರೆ. ಇದನ್ನು ಅಳೆಯಬಹುದಾ?

ಉತ್ತರ: ಅಳೆಯಬಹುದು, ಅಳೆಯಲೇಬೇಕು. ಫಿನ್ಲೆಂಡಿನಲ್ಲಿ ಗಂಡಸರ ಮೇಲೆ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತಾಶೆ ಜಾಸ್ತಿ ಇದ್ದವರಿಗೆ ಹೃದಯಾಘಾತದ ಅಪಾಯವೂ ಜಾಸ್ತಿ ಇತ್ತು.

ಹತಾಶೆ ಅಳೆಯಲು ಅಮೆರಿಕದ ಮನೋವೈದ್ಯ ಆರನ್ ಬೆಕ್ ತಂಡದ 1974ರ ಪ್ರಶ್ನಾವಳಿ ಹಳೆಯದು. 20 ವಾಕ್ಯ, ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಅನ್ನಬೇಕು. 9 ಅಥವಾ ಹೆಚ್ಚು ಅಂಕ ಬಂದರೆ ಸುಮ್ನೆ ಬಿಡಬಾರದು.

ಹೃದ್ರೋಗಿಗಳಿಗೆಂದೇ ನರ್ಸಿಂಗ್ ಸಂಶೋಧಕಿ ಸೂಸನ್ ಡನ್ ಮತ್ತು ಜೊತೆಯವರು ರೂಪಿಸಿದ ಅಳತೆ ನನಗೆ ಹೆಚ್ಚು ಹಿಡಿಸುತ್ತದೆ. ಅದು ಎರಡನ್ನು ಬೇರೆಬೇರೆ ಕೇಳುತ್ತದೆ: ಕಾಯಿಲೆ ಬಂದಮೇಲೆ ಹುಟ್ಟಿದ ಹತಾಶೆ ಎಷ್ಟು, ಮೊದಲಿನಿಂದಲೂ ಸ್ವಭಾವದಲ್ಲೇ ಇದ್ದದ್ದು ಎಷ್ಟು? ನಿಮ್ಮ ತಂದೆ ಮೊದಲು ಬೆಳಿಗ್ಗೆಯೇ ಅಡಿಕೆ ತೋಟಕ್ಕೆ ಇಳಿಯುತ್ತಿದ್ದು, ಈಗ ಸ್ಪ್ರಿಂಕ್ಲರ್ ಕೆಟ್ಟರೂ ಕೇಳುವುದಿಲ್ಲ ಅಂತಾದರೆ, ಅದು ಮೊದಲನೆಯ ಬಗೆ ಇರಬಹುದು. ಈ ವ್ಯತ್ಯಾಸ ಡಾಕ್ಟರಿಗೆ ತಪ್ಪದೆ ಹೇಳಿ. ಖಿನ್ನತೆಯನ್ನೂ ಪ್ರತ್ಯೇಕವಾಗಿ ನೋಡಬೇಕು, ಎರಡೂ ಒಂದೇ ಅಲ್ಲ.

ಕಾಸರಗೋಡಿನಲ್ಲಿ ಫಾರಂ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಸಿಗಬಹುದು. ಆಗ ನೀವೇ ಊಹಿಸಿ ಗೀಚಬೇಡಿ. ನರ್ಸ್ ಅಥವಾ ಕೌನ್ಸೆಲರ್ ಅಪ್ಪನ ಹತ್ತಿರ ಕನ್ನಡದಲ್ಲೋ ತುಳುವಿನಲ್ಲೋ ಕೇಳಲಿ, ಅಪ್ಪನೇ ಉತ್ತರಿಸಲಿ. ಮಕ್ಕಳೆದುರು ಅಪ್ಪಂದಿರು "ಎಂತ ಇಲ್ಲ" ಅಂದುಬಿಡುತ್ತಾರೆ, ಅಲ್ವಾ? ಸಾಯುವ ಮಾತು ಬಂದರೆ ಅಂಕಕ್ಕೆ ಕಾಯಬೇಡಿ. ಒಬ್ಬರನ್ನೇ ಬಿಡದೆ, ಕೂಡಲೇ ಡಾಕ್ಟರಿಗೆ ತೋರಿಸಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.